ಮಣ್ಣಿಗೊಂದು ಮಾಲೆ

ಶಹಾಪುರದ ಖಡೇಬಜಾರದಲ್ಲಿ ಹೂವಿನಂಗಡಿಯ ಮುಂದೆ ನಿಂತು ಒಂದು ಮಾಲೆ ಬೇಕೆಂದರೆ, ಅಂಗಡಿಯ ಹುಡುಗ ಕೈಯಲ್ಲಿಯ ಸೂಜಿ ನಿಲ್ಲಿಸದೆ, ಮುಖ ಕೂಡ ಎತ್ತದೆ ಕೇಳುತ್ತಾನೆ: "ದೇವರಿಗೇನ್ರಿ, ಮದಿವಿಗೇನ್ರಿ, ಮಣ್ಣಿಗೇನ್ರಿ?" ಮೂರೂ ಪ್ರಶ್ನೆಗಳಿಗೆ ಒಂದೇ ಧಾಟಿ. ನಮ್ಮ ಕಡೆ ಯಾರಾದರೂ ತೀರಿಕೊಂಡಾಗ, ಹೂಳುವವರಿರಲಿ ಸುಡುವವರಿರಲಿ, 'ಮಣ್ಣಿಗೆ ಹೋಗಿ ಬರ್ತೀನಿ' ಎಂದೇ ಹೇಳಿ ಚಪ್ಪಲಿ ಮೆಟ್ಟುತ್ತಾರೆ. 'ಮಣ್ಣಿಗೆ' ಎಂದು ನಾನು ಹೇಳಿದ ಕೂಡಲೆ ಹುಡುಗನ ಕೈ ಮುಂದಿನ ಬುಟ್ಟಿ ಬಿಟ್ಟು ಹಿಂದಿನ ಮೂಲೆಯ ಬುಟ್ಟಿಗೆ ಹೋಯಿತು. ಅಲ್ಲಿದ್ದದ್ದು ನಿನ್ನೆಯ ಹೂವು. ಸೇವಂತಿಗೆಯ ಅಂಚು ಕಂದಿತ್ತು. ಚೆಂಡುಹೂವಿನ ಹೊರಗಿನ ಎಸಳು ತೊಯ್ದ ಕಾಗದದಂತೆ ಮೆತ್ತಗಾಗಿತ್ತು. "ತಮ್ಮಾ, ಇವತ್ತಿನ ಹೂವಿನಾಗ ಮಾಡಿ ಕೊಡಪಾ" ಎಂದೆ. ಆಗ ಅವನು ಮುಖ ಎತ್ತಿದ. "ಯಾಕ್ರಿ ಸರ, ಸತ್ತಾವ ವಾಸನಿ ನೋಡ್ತಾನೇನ್ರಿ?" ಎಂದ. ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ. ನಾನು ಉತ್ತರ ಕೊಡಲಿಲ್ಲ. ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಇವತ್ತಿನ ಹೂವಿನದು ಮಾಡಿಸಿಕೊಂಡು ಹೋದೆ.

ಸಂಗೀತಕ್ಕೆ ವಿಮರ್ಶಕರಿದ್ದಾರೆ, ನಾಟಕಕ್ಕೆ ಇದ್ದಾರೆ. ಮದುವೆ ಮಂಟಪದ ಹೂವನ್ನು ಪಂಕ್ತಿಯಲ್ಲಿ ಕುಳಿತವರೆಲ್ಲ ಹೋಳಿಗೆಯ ಜೊತೆಗೇ ವಿಮರ್ಶೆ ಮಾಡುತ್ತಾರೆ. ಸತ್ತವರ ಹೂವಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ದುಃಖದ ಮನೆಯಲ್ಲಿ 'ಮಾಲೆ ಸರಿಯಾಗಿಲ್ಲ' ಎನ್ನುವವನಷ್ಟು ಕಟುಕ ಯಾರಿದ್ದಾನು? ಹೀಗಾಗಿ ಈ ಕೆಲಸ ಟೀಕೆಯಿಲ್ಲದೆ ಬೆಳೆದು, ಈಗ ಟೀಕೆಯಿಲ್ಲದೆಯೇ ಕೆಡುತ್ತಿದೆ. ನನಗೇನು ಅಧಿಕಾರವೆಂದು ಓದುಗರು ಕೇಳಬಹುದು. ಎಪ್ಪತ್ತು ದಾಟಿದ ಮಾಸ್ತರ ನಾನು. ಈ ವಯಸ್ಸಿಗೆ ಮದುವೆಗಿಂತ ಮಣ್ಣಿಗೆ ಹೋಗುವುದೇ ಹೆಚ್ಚು, ನೋಡಿದ್ದು ಬಹಳ. ಇನ್ನೊಂದು, ನಮ್ಮದು ನೇಕಾರರ ಮನೆ. ಶಹಾಪುರದ ಸೀರೆಗೆ ಒಂದು ಕಾಲಕ್ಕೆ ಹೆಸರಿತ್ತು. ಅಪ್ಪ ಮಗ್ಗದಿಂದ ಇಳಿಸಿದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಮೊದಲು ಒಡಲು ನೋಡುತ್ತಿದ್ದ, ಆಮೇಲೆ ದಡಿ, ಕೊನೆಗೆ ಸೆರಗು. ಜರಿ ಹೆಚ್ಚಾದ ಸೀರೆ ಕಂಡರೆ "ದಡಿ ಒಡಲನ್ನ ತಿಂದೈತಿ" ಎನ್ನುತ್ತಿದ್ದ. ನನಗೆ ಬರುವ ವಿಮರ್ಶೆಯೆಲ್ಲ ಆ ಒಂದು ಮಾತಿನದೇ. ಸತ್ತವನ ಮುಖ ಒಡಲು, ಹೂವು ದಡಿ.

ನಮ್ಮ ಓಣಿಯಲ್ಲಿ ಒಬ್ಬ ಹೂಗಾರ ಕಾಕಾ ಇದ್ದ. ಮನೆತನದಿಂದಲೇ ಹೂಗಾರರು; ದೇವಸ್ಥಾನಕ್ಕೆ, ಲಿಂಗಾಯತರ ಮನೆಗಳಿಗೆ ಹೂವು ಪತ್ರಿ ತಂದು ಕೊಡುವ ವೃತ್ತಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನೆಂಬುವನಿದ್ದ ಎಂಬುದನ್ನು ಹೇಳದೆ ಕಾಕಾ ಯಾರಿಗೂ ಮಾಲೆ ಕೊಟ್ಟವನಲ್ಲ. ಬೆಳಿಗ್ಗೆ ಪತ್ರಿ ಹಂಚುತ್ತಿದ್ದ, ಮಧ್ಯಾಹ್ನ ಮಾಲೆ ಕಟ್ಟುತ್ತಿದ್ದ. ಯಾರ ಮನೆಯಲ್ಲಾದರೂ ಸಾವಾದರೆ ಎರಡನ್ನೂ ಬಿಟ್ಟು ವಿಮಾನ ಕಟ್ಟಲು ಹೋಗುತ್ತಿದ್ದ. ಹೊರಗಿನ ಓದುಗರಿಗೆ ಹೇಳಬೇಕು: ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಧರಿಸಿ, ಪದ್ಮಾಸನದಂತೆ ಕೂಡಿಸಿ, ಬಿದಿರಿನ ಚೌಕಟ್ಟಿನ ಒಳಗೆ ಇಟ್ಟು ಹೆಗಲ ಮೇಲೆ ಒಯ್ಯುತ್ತೇವೆ. ಆ ಚೌಕಟ್ಟೇ ವಿಮಾನ. ನಾಲ್ಕು ಮೂಲೆಗೆ ಬಿದಿರು, ಮೇಲೆ ಕಮಾನು, ಎರಡು ಬದಿಗೆ ಬಾಳೆಕಂಬ, ಬಣ್ಣದ ಕಾಗದ, ಹೂವಿನ ಸರ. ಮುಂದೆ ಭಜನೆ, ಹಲಗೆ. ಚಿಕ್ಕವರಿದ್ದಾಗ ನಮಗೆ ಸಾಂಬ್ರಾದ ವಿಮಾನಕ್ಕಿಂತ ಇದೇ ವಿಮಾನ ಹೆಚ್ಚು ಪರಿಚಯ.

ಕೂತ ದೇಹಕ್ಕೆ ಹೂವು ಹಾಕುವುದು ಬೇರೆ, ಮಲಗಿದ ದೇಹಕ್ಕೆ ಹಾಕುವುದು ಬೇರೆ. ಮಲಗಿದವರ ಮೇಲೆ ಹೂವು ಹೊಳೆಯಂತೆ ಹರಿಯಬೇಕು: ಎದೆಯಿಂದ ಪಾದದ ಕಡೆಗೆ. ಅಡ್ಡ ಹಾಕಿದ ಮಾಲೆ ದೇಹವನ್ನು ತುಂಡು ತುಂಡಾಗಿ ಕತ್ತರಿಸಿದಂತೆ ಕಾಣುತ್ತದೆ. ಕೂತವರಿಗೆ ಹೂವು ಮೈಮೇಲೆ ಬೇಕಾಗಿಯೇ ಇಲ್ಲ, ಸುತ್ತ ಬೇಕು. ಕಾಕಾ ಕಮಾನಿಗೆ ಹೂವು ಕಟ್ಟುವಾಗ ಎರಡು ಸಲ ಕೆಳಗಿಳಿದು ಬಾಗಿಲ ತನಕ ಹೋಗಿ ಹಿಂದಿರುಗಿ ನೋಡುತ್ತಿದ್ದ. ಬಾಗಿಲಲ್ಲಿ ನಿಂತವನಿಗೆ ಮೊದಲು ಮುಖ ಕಾಣಬೇಕು, ಹೂವು ಆಮೇಲೆ ಕಾಣಬೇಕು. ಇಲ್ಲವಾದರೆ ಮತ್ತೆ ಏರಿ ಸರ ಬಿಚ್ಚುತ್ತಿದ್ದ. ಸತ್ತವರ ಮಾಲೆಗೆ ಅವನು ಪದಕ ಹಚ್ಚುತ್ತಿರಲಿಲ್ಲ. ದೇವರ ಮಾಲೆಗೆ, ಮದುಮಕ್ಕಳ ಮಾಲೆಗೆ ತುದಿಯಲ್ಲಿ ಗುಲಾಬಿಯ ಗೊಂಡೆ ಇರುತ್ತದಲ್ಲ, ಅದು. "ಮುಂದ ಹೋಗಾಕ ಹತ್ಯಾರ, ಗಂಟ ಯಾಕ?" ಎನ್ನುತ್ತಿದ್ದ. ಇದು ಶಾಸ್ತ್ರವೋ ಅವನದೇ ಪದ್ಧತಿಯೋ ಎಂದು ಕೇಳಿದ್ದಕ್ಕೆ "ಕೈಗೆ ಗೊತ್ತೈತಿ" ಎಂದಿದ್ದ.

ಅವನ ನಿಜವಾದ ಜಾಣತನ ಹಾಕುವುದರಲ್ಲಿರಲಿಲ್ಲ, ತೆಗೆಯುವುದರಲ್ಲಿತ್ತು. ಹಳ್ಳಿಯಿಂದ ಬಂದ ಬೀಗರು, ಗಿರಣಿಯ ಮಾಲಕ, ಪಂಚಮಂಡಳಿ, ವಾರ್ಡಿನ ಮೆಂಬರ, ಎಲ್ಲರೂ ಒಂದೊಂದು ಮಾಲೆ ತರುತ್ತಾರೆ. ಐದನೆಯ ಮಾಲೆಗೆ ಗದ್ದ ಮುಚ್ಚುತ್ತದೆ, ಎಂಟನೆಯದಕ್ಕೆ ಮೂಗು. ಹತ್ತನೆಯ ಹೊತ್ತಿಗೆ ಅಲ್ಲಿ ಕೂತವರು ಯಾರೆಂದು ಗುರುತು ಹಿಡಿಯಲು ಹಣೆಯ ವಿಭೂತಿಯೊಂದೇ ಆಧಾರ. ಕಾಕಾ ವಿಮಾನದ ಮಗ್ಗುಲಲ್ಲೇ ನಿಂತಿದ್ದು, ಮಾಲೆ ಹಾಕಿದವರು ಕೈಮುಗಿದು ಬೆನ್ನು ತಿರುಗಿಸಿದ ಕೂಡಲೆ ಅದನ್ನು ಮೆಲ್ಲನೆ ಎತ್ತಿ ಬಿದಿರಿಗೆ ಸುತ್ತುತ್ತಿದ್ದ. ಹಾಕಿದವರಿಗೆ ಅವಮಾನವಾಗಬಾರದು, ಸತ್ತವರ ಮುಖವೂ ಮುಚ್ಚಬಾರದು. ಎಂಟು ಹತ್ತು ಮಾಲೆಗಳ ಮೇಲೂ ಮುಖ ಮೋಡದಾಚೆಯ ಚಂದ್ರನಂತೆ ಇಣುಕದೆ ಪೂರ್ತಿಯಾಗಿ ಕಾಣುತ್ತಿತ್ತು. ಈಗ ಮಾಲೆ ಹಾಕುವವರಿದ್ದಾರೆ, ಫೋಟೋ ತೆಗೆಯುವವರಿದ್ದಾರೆ. ಮಾಲೆ ತೆಗೆಯುವವನು ಇಲ್ಲ.

ಕಾಕಾನ ಮಲ್ಲಿಗೆ, ಕಾಕಡಾಗಳನ್ನು ಕಟ್ಟಿಕೊಡುತ್ತಿದ್ದವಳು ನಮ್ಮತ್ತಿ, ಅಪ್ಪನ ತಂಗಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಿಗ್ಗೆ ಕಂಡಿಕೆ ಸುತ್ತುವುದು, ಸಂಜೆ ಹೂವು ಕಟ್ಟುವುದು. ಸೂಜಿಯಿಂದ ಪೋಣಿಸುವುದು ಒಂದು ಬಗೆ. ಅದು ಚೆಂಡುಹೂವಿಗೆ, ನಿಶಿಗಂಧಕ್ಕೆ ಸರಿ. ಮಲ್ಲಿಗೆಯನ್ನು ಬೆರಳಿನಿಂದಲೇ ಕಟ್ಟಬೇಕು: ನೆನೆಸಿದ ಬಾಳೆಯ ನಾರಿನಲ್ಲಿ ಎರಡು ಮೊಗ್ಗು ಈಚೆ, ಎರಡು ಆಚೆ, ಒಂದು ಸುತ್ತು, ಒಂದು ಬಿಗಿ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲಾದರೆ ಮುಡಿಯಲ್ಲಿ ಜಾರುತ್ತದೆ. ಅತ್ತಿಯ ಮೊಳಕ್ಕೆ ಪೇಟೆಯಲ್ಲಿ ಬೇಡಿಕೆ ಇತ್ತು. ಕಾಕಾ ಅವಳ ದಂಡೆಗಳನ್ನು ಬೇರೆಯಾಗಿಟ್ಟು ಗಟ್ಟಿ ಗಿರಾಕಿಗಳಿಗೆ ಕೊಡುತ್ತಿದ್ದ. ನಲವತ್ತು ವರುಷ ಕಟ್ಟಿದಳು. ಒಂದು ಮೊಗ್ಗನ್ನೂ ಮುಡಿಯಲಿಲ್ಲ. ಇದನ್ನು ನಾವು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ ಎಂಬುದನ್ನು ಮುಂದೆ ಹೇಳಬೇಕಾಗಿರುವುದರಿಂದ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಹೂವಿನ ಬಗ್ಗೆಯೇ ಒಂದು ಮಾತು. ಯಾವುದು 'ನಮ್ಮ' ಹೂವು, ಯಾವುದು ಸಾವಿನ ಹೂವು ಎಂದು ಜನ ಬಹಳ ಖಚಿತವಾಗಿ ಹೇಳುತ್ತಾರೆ. ನಮ್ಮ ಸಾವಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಚೆಂಡುಹೂವು, ನಿಶಿಗಂಧ, ಸ್ಮಶಾನದ ಗೋಡೆಯ ಮಗ್ಗುಲಿಗೆ ಬೆಳೆಯುವ ದೇವಕಣಗಿಲೆ, ಮೂರರ ತವರೂ ಮೆಕ್ಸಿಕೋದ ಕಡೆ. ಕೊಲಂಬಸನಿಗಿಂತ ಮುಂಚೆ ಈ ನಾಡಿನಲ್ಲಿ ಸತ್ತವರಿಗೆ ಇವುಗಳಲ್ಲಿ ಒಂದೂ ಸಿಕ್ಕಿರಲಿಕ್ಕಿಲ್ಲ. ಚೆಂಡುಹೂವನ್ನು ಪೋರ್ಚುಗೀಜರು ತಂದರೆಂದು ಹೇಳುತ್ತಾರೆ; ಗೋವಾ ನಮಗೆ ಎಷ್ಟು ದೂರ? ನವೆಂಬರ 2ರಂದು ಕ್ಯಾಂಪಿನ ಕ್ರೈಸ್ತರು ತಮ್ಮ ಹಿರಿಯರ ಗೋರಿಗಳನ್ನು ತೊಳೆದು ಮೇಣದಬತ್ತಿ ಹಚ್ಚಿ ಹೂವಿಡುತ್ತಾರೆ. ಅದೇ ದಿನ ಮೆಕ್ಸಿಕೋದಲ್ಲಿ ಚೆಂಡುಹೂವಿನ ಎಸಳು ಚೆಲ್ಲಿ ಸತ್ತವರಿಗೆ ಮನೆಯ ದಾರಿ ತೋರಿಸುತ್ತಾರೆ. ನಾವು ದೇವರ ಮುಡಿಗೇರಿಸುವ ಸೇವಂತಿಗೆಯನ್ನು ಫ್ರಾನ್ಸಿನಲ್ಲಿ ಗೋರಿಯ ಮೇಲೆ ಇಡುತ್ತಾರೆ. ಊಟಕ್ಕೆ ಕರೆದವರ ಮನೆಗೆ ಅದನ್ನು ಒಯ್ದರೆ ಮನೆಯಾಕೆಯ ಮುಖ ಕಪ್ಪಿಡುತ್ತದೆ. ಹೂವಿಗೆ ಶುಭ ಅಶುಭ ಎಂಬುದನ್ನು ಹಚ್ಚಿದವರು ನಾವೇ. ಲಿಂಗಾಯತರಿಗಂತೂ ಪಂಚಸೂತಕಗಳೇ ಇಲ್ಲ, ಸಾವಿನ ಸೂತಕವೂ ಇಲ್ಲ. ಶಾಲೆಯಲ್ಲಿ ಬಸವ ಜಯಂತಿಯ ದಿನ ನಾನು ಇದನ್ನೇ ಇಪ್ಪತ್ತೈದು ವರುಷ ಭಾಷಣ ಮಾಡಿದ್ದೇನೆ.

ಶಹಾಪುರ 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು; ಕಪಿಲೇಶ್ವರದ ರೈಲು ಹಳಿಯಾಚೆ ಇಂಗ್ಲಿಷರ ಬೆಳಗಾವಿ. ಈಗ ಮೇಲ್ಸೇತುವೆಯ ಮೇಲೆ ಎರಡು ನಿಮಿಷದ ದಾರಿ. ಆದರೆ ಸತ್ತವರ ಹೂವಿನಲ್ಲಿ ಆ ಹಳೆಯ ಗಡಿ ಬಹಳ ದಿನ ಉಳಿದಿತ್ತು. ಹಳಿಯ ಈಚೆ ಮಾಲೆ, ಆಚೆ ಚಕ್ರ. ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಅಲ್ಲಿಯ ಶರ್ಕತ್ ಯುದ್ಧಸ್ಮಾರಕಕ್ಕೆ ಪುಷ್ಪಚಕ್ರವಿಟ್ಟು ವಂದಿಸುವುದು ಪದ್ಧತಿ. ಶರ್ಕತ್ ಇರುವುದು ಇರಾಕಿನಲ್ಲಿ, ಟೈಗ್ರಿಸ್ ನದಿಯ ದಂಡೆಗೆ. 1918ರ ಅಕ್ಟೋಬರದಲ್ಲಿ ಮರಾಠಾ ಸಿಪಾಯಿಗಳು ಅಲ್ಲಿ ಕಾದಿ ಬಿದ್ದರು. ಅವರ ಕೊರಳಿಗೆ ಮಾಲೆ ಹಾಕಲು ಊರವರಿಗೆ ಸಾಧ್ಯವಿರಲಿಲ್ಲ. ನನಗೆ ಪುಷ್ಪಚಕ್ರದ ಅರ್ಥ ಹೊಳೆದದ್ದು ಆಗಲೇ. ಮಾಲೆಗೆ ಕೊರಳು ಬೇಕು. ಕೊರಳಿಲ್ಲದ ಸಾವಿಗೆ, ದೂರದ ಸಾವಿಗೆ, ಹೆಸರು ಮಾತ್ರ ಉಳಿದ ಸಾವಿಗೆ ಚಕ್ರವೇ ಸರಿ. ಅದನ್ನು ಇಡುವ ರೀತಿಯೂ ಚೆನ್ನು: ಬಗ್ಗಿ ಇಡುತ್ತಾರೆ, ರಿಬ್ಬನ್ ಸರಿಪಡಿಸುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಮಾಡುತ್ತಾರೆ. ಆ ಎರಡು ಹೆಜ್ಜೆ ನಮ್ಮ ನಾಗರಿಕರಿಗೆ ಇನ್ನೂ ಬಂದಿಲ್ಲ. ನಾವು ಹಾಕಿದ ಮೇಲೂ ಅಲ್ಲಿಯೇ ನಿಂತು ಕ್ಯಾಮರಾ ಕಡೆ ನೋಡುತ್ತೇವೆ.

ಮುಸಲ್ಮಾನರ ಹೂವಿನ ಚಾದರವನ್ನು ಇಲ್ಲಿ ಮರೆಯಬಾರದು. ಗುಲಾಬಿಯನ್ನು ಬಲೆಯಂತೆ ಕಟ್ಟಿ ಜನಾಜಾದ ಮೇಲೆ, ಆಮೇಲೆ ಗೋರಿಯ ಮೇಲೆ ಹೊದಿಸುತ್ತಾರೆ. ನೇಕಾರನ ಕಣ್ಣಿಗೆ ಅದಕ್ಕಿಂತ ಸರಿಯಾದ ವಿನ್ಯಾಸವಿಲ್ಲ: ಹಾಸು ಹೊಕ್ಕು ಎರಡೂ ಹೂವೇ. ಕೊಟ್ಟವರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಹೆಸರಿನ ಮಾತು ಬಂತು, ಈಗಿನ ಕೆಲಸಕ್ಕೆ ಬರೋಣ. ಹಳಿಯಾಚೆಯ ಚಕ್ರ ಈಗ ಈಚೆಗೂ ಬಂದಿದೆ. ಬರಲಿ, ತಕರಾರಿಲ್ಲ. ಆದರೆ ಬರುವಾಗ ಹುಲ್ಲಿನ ಸಿಂಬಿ ಬಿಟ್ಟು ಥರ್ಮೋಕೋಲಿನ ಬಳೆಯಾಗಿ ಬಂತು. ದೊಡ್ಡ ಊರುಗಳಲ್ಲಿ ಹಸಿರು ಬಣ್ಣದ ಫೋಮಿನ ಇಟ್ಟಿಗೆಗೆ ಹೂವು ಚುಚ್ಚುತ್ತಾರೆ. ಅಮೆರಿಕದ ಓಹಾಯೋದಲ್ಲಿ ಸ್ಮಿದರ್ಸ್ ಎಂಬುವನು 1954ರಲ್ಲಿ ಕಂಡುಹಿಡಿದದ್ದು. ನೀರು ಹೀರಿ ಹೂವನ್ನು ತಾಜಾ ಇಡುತ್ತದೆ. ಅದು ಮಾತ್ರ ಮಣ್ಣಾಗುವುದಿಲ್ಲ. ಒಡೆದು ಪುಡಿಯಾಗಿ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಮಣ್ಣಿಗೆಂದು ಒಯ್ದದ್ದು ಮಣ್ಣಾಗದಿದ್ದರೆ ಅದನ್ನು ಏನೆನ್ನಬೇಕು? ರುದ್ರಭೂಮಿಯ ಮೂಲೆಯಲ್ಲಿ ನೋಡಿ: ಹೂವು ಉದುರಿದ ಬಿಳಿ ಬಳೆಗಳು, ಬೆಳ್ಳಿ ಕಾಗದ, ಜರಿಯ ರಿಬ್ಬನ್ನು. ರಿಬ್ಬನ್ನಿನ ಮೇಲೆ ಕೊಟ್ಟ ಸಂಘದ ಹೆಸರು ಇನ್ನೂ ಓದಲು ಬರುತ್ತದೆ. ಸತ್ತವನ ಹೆಸರು ಇಲ್ಲ. ಇದರ ಮೇಲೆ ಗಲ್ಲಿಯ ಮೂಲೆಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಫ್ಲೆಕ್ಸು. ಅದರಲ್ಲಿ ಹೂವೂ ಅಚ್ಚು ಹಾಕಿದ್ದು. ಸತ್ತವರ ಒಂದು ಮುಖಕ್ಕೆ ಸಂತಾಪ ಸೂಚಿಸುವವರ ಇಪ್ಪತ್ತು ಮುಖ. ಅಪ್ಪ ಇದ್ದಿದ್ದರೆ, ಇಲ್ಲಿ ದಡಿ ಒಡಲನ್ನು ತಿಂದಷ್ಟೇ ಅಲ್ಲ, ಮಗ್ಗವನ್ನೂ ನುಂಗಿದೆ ಎನ್ನುತ್ತಿದ್ದ. ಮನೆಯೊಳಗಿನ ಫೋಟೋಕ್ಕೆ ಹಾಕುವ ಗಂಧದ ಹೊಟ್ಟಿನ ಹಾರದ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದು ಬಾಡುವುದಿಲ್ಲವೆಂದು ಹಾಕುತ್ತಾರೆ, ಧೂಳು ಮಾತ್ರ ಹಿಡಿಯುತ್ತದೆ. ವರುಷಕ್ಕೊಮ್ಮೆಯಾದರೂ ಒರೆಸುವ ನೆಪದಿಂದ ಫೋಟೋ ಕೆಳಗಿಳಿಯುತ್ತದಲ್ಲ.

ದೊಡ್ಡವರ ಸಾವಿನಲ್ಲಿ ಹೂವಿನ ಲೆಕ್ಕ ಬೇರೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಸಿಕ್ಕು, ಬದುಕಿ ಬಂದೂ ಉಳಿಯದ ಹನುಮಂತಪ್ಪ ಕೊಪ್ಪದನನ್ನು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಇಟ್ಟು, ಕುಂದಗೋಳ ತಾಲೂಕಿನ ಬೆಟದೂರಿನಲ್ಲಿ ಮಣ್ಣು ಮಾಡಿದರು. ಅಲ್ಲಿ ಚಕ್ರವೂ ಮಾಲೆಯೂ ಕೂಡಿದ್ದವು. ಸೈನ್ಯದ ಶಿಸ್ತು ಒಂದು ಕಡೆ, ಹಳ್ಳಿಯವರು ಮುಷ್ಟಿಯಿಂದ ಎರಚಿದ ಬಿಡಿ ಹೂವು ಇನ್ನೊಂದು ಕಡೆ. ಎರಡೂ ಒಂದರ ಮೈಮೇಲೆ ಒಂದು ಬೀಳದೆ ನಡೆಯಿತು. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಮೆರವಣಿಗೆಯಿಲ್ಲ, ಸರಕಾರಿ ಗೌರವವಿಲ್ಲ. ಅವರ ಇಚ್ಛೆಯಂತೆ ಸದ್ದಿಲ್ಲದೆ ಕಳಿಸಿಕೊಟ್ಟರು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಹೋದರು. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. ಲಕ್ಷಾಂತರ ಜನ ಬಂದರು. ಹೂವು ಇಡಲು ಮುಂದೆ ಒಂದು ಗದ್ದುಗೆ ಇರಬಾರದೆಂದು ಮೊದಲೇ ಯೋಚಿಸಿದ ಮನುಷ್ಯ ಅವರು. ಹೂವಿನ ಬಗ್ಗೆ ಇಷ್ಟೆಲ್ಲ ಬರೆಯುತ್ತಿರುವ ನನಗೆ ಅದು ಸ್ವಲ್ಪ ನಾಚಿಕೆಯನ್ನೂ ತರುತ್ತದೆ.

ಹೂವೇ ಇಲ್ಲದ ವರುಷವೊಂದನ್ನು ನಾವೆಲ್ಲ ನೋಡಿದ್ದೇವೆ. 2020ರ ಬೇಸಿಗೆಯಲ್ಲಿ ಜಾತ್ರೆಯಿಲ್ಲ, ಮದುವೆಯಿಲ್ಲ, ಪೇಟೆಯಿಲ್ಲ. ರೈತರು ಅರಳಿದ ಹೂವನ್ನು ಹೊಲದಲ್ಲೇ ಹರಗಿಬಿಟ್ಟರು. ಮೇ ತಿಂಗಳಲ್ಲಿ ಸರಕಾರ ಹೂಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಅದೇ ವರುಷ ಸತ್ತವರು ಪ್ಲಾಸ್ಟಿಕ್ ಚೀಲದಲ್ಲಿ, ಒಂದು ಎಸಳೂ ಇಲ್ಲದೆ ಹೋದರು. ಬೆಳಗಾವಿಯ ಸಂಸದ, ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರು ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ತೀರಿಕೊಂಡರು; ಅಲ್ಲಿಯೇ ಲಿಂಗಾಯತ ಪದ್ಧತಿಯಂತೆ ಮಣ್ಣು ಮಾಡಿದರು. ಬೇರೆ ಕಾಲದಲ್ಲಾಗಿದ್ದರೆ ಸಾಂಬ್ರಾದಿಂದ ಊರ ತನಕ ಹೂವಿನ ದಾರಿಯಾಗುತ್ತಿತ್ತು. ಅವರ ಪಕ್ಷದವನಲ್ಲದ ನನ್ನ ಗೆಳೆಯನೊಬ್ಬ ಆ ದಿನ ತನ್ನ ಹಿತ್ತಲಿನ ದಾಸವಾಳವನ್ನು ಟೀವಿಯ ಮುಂದೆ ಇಟ್ಟು ಕೂತಿದ್ದ. ನಗಬೇಕೆನ್ನಿಸಲಿಲ್ಲ.

ಈಗ ಅತ್ತಿಯ ವಿಷಯ ಹೇಳಬೇಕು.

1996ರ ಶ್ರಾವಣ. ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಸಂಜೆ ಕಾಕಡಾ ಕಟ್ಟಿ ಕಳಿಸಿ, ಊಟ ಮಾಡಿ ಮಲಗಿದ ಅತ್ತಿ ಬೆಳಿಗ್ಗೆ ಏಳಲಿಲ್ಲ. ಕಾಕಾ ಎಂಟು ಗಂಟೆಗೆ ಬಿದಿರಿನವರ ಜೊತೆ ಬಂದ. ಯಾರನ್ನೂ ಕೇಳದೆ ವಿಮಾನ ಕಟ್ಟಿದ, ಪತ್ರಿ ಸುರಿದ, ಸೇವಂತಿಗೆಯ ಸರ ಬಿಟ್ಟ. ಅತ್ತಿಯನ್ನು ತಂದು ಕೂಡಿಸಿದ ಮೇಲೆ ತಲೆಯ ಸೆರಗು ಸರಿಮಾಡುತ್ತಿದ್ದ ಹೆಂಗಸರ ಹತ್ತಿರ ಹೋಗಿ, ಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದ. ಒಳಗೆ ಕಾಕಡಾದ ದಂಡೆ. "ನಿನ್ನೆ ಸಂಜಿಕ ಅಕಿನ ಕಟ್ಟಿದ್ದವಾ. ಮಾರಲಿಲ್ಲ. ತಲಿಗೆ ಮುಡಸ್ರಿ" ಎಂದ.

ಮನೆಯೆಲ್ಲ ಸುಮ್ಮನಾಯಿತು. ಭಾವಕಿಯ ಹಿರಿಯ ಮುದುಕಿಯೊಬ್ಬಳು "ಗಂಡ ಇಲ್ಲದಾಕಿಗೆ ಹೂವೇನೊ ಹುಚ್ಚಾ" ಎಂದಳು. ಸಿಟ್ಟಿನಿಂದಲ್ಲ, ಉಪ್ಪು ಹೆಚ್ಚಾಯಿತೆಂದು ಹೇಳುವ ಹಾಗೆ. ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ನನ್ನ ಮುಖ ನೋಡಿದ. ನಾನು ಸಾಲಿ ಕಲಿತವನು, ಬಸವ ಜಯಂತಿಯ ಭಾಷಣದವನು. ನನ್ನ ಒಂದು ಮಾತು ಸಾಕಿತ್ತು. ಆ ಮುದುಕಿ ಕೂಡ ಎರಡನೆಯ ಸಲ ಬೇಡವೆನ್ನುತ್ತಿರಲಿಲ್ಲ. ನಾನು ಹೇಳಿದ್ದು: "ಹಿರೇರು ಹೆಂಗಂತಾರ ಹಂಗಾಗ್ಲಿ."

ಕಾಕಾ ದಂಡೆಯನ್ನು ಮತ್ತೆ ಎಲೆಯಲ್ಲಿ ಸುತ್ತಲಿಲ್ಲ. ವಿಮಾನದ ಹಿಂದೆ ಹೋದ. ಅತ್ತಿಯ ಬೆನ್ನಿಗೆ ಆಸರೆಯಾಗಿದ್ದ ಬಿದಿರಿಗೆ, ತಲೆಯ ಹಿಂದೆ, ಸರಿಯಾಗಿ ತುರುಬಿನ ಎತ್ತರಕ್ಕೆ ಅದನ್ನು ಕಟ್ಟಿದ. ಸೆರಗಿಗೂ ಹೂವಿಗೂ ನಡುವೆ ಒಂದು ಬೆರಳು ಅಂತರ. ಮುಂದಿನಿಂದ ನೋಡಿದವರಿಗೆ ಹೂವು ಕಾಣದು. ಹಿರಿಯರಿಗೆ ಆಕ್ಷೇಪಣೆಗೆ ಜಾಗವಿಲ್ಲ. ಹಿಂದಿನಿಂದ ನೋಡಿದವರಿಗೆ ಅತ್ತಿ ಮುಡಿ ತುಂಬ ಕಾಕಡಾ ಮುಡಿದು ಕೂತಿದ್ದಾಳೆ. ಆ ದಿನ ನಾನು ವಿಮಾನದ ಹಿಂದೆಯೇ ಇದ್ದೆ. ಮಳೆಯಲ್ಲಿ ರುದ್ರಭೂಮಿಯ ತನಕ ಬಿಳಿ ಹೂವನ್ನೇ ನೋಡುತ್ತ ನಡೆದೆ. ನಾನು ಕಂಡ ಸಾವಿನ ಹೂವಿನ ಕೆಲಸಗಳಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಆದರೆ ಅಂಥ ಜಾಣತನದ ಅವಶ್ಯಕತೆಯೇ ಬರಬಾರದಿತ್ತು. ಆ ಒಂದು ಬೆರಳಿನ ಅಂತರ ಕಾಕಾ ಬಿಟ್ಟದ್ದಲ್ಲ, ನಾನು ಬಿಟ್ಟದ್ದು.

2022ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಹೇರವಾಡ, ನಮ್ಮ ಗಡಿಯ ಆಚೆಯ ಹಳ್ಳಿ. ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ಇನ್ನು ಬೇಡವೆಂದು ಗ್ರಾಮಸಭೆ ಠರಾವು ಮಾಡಿತ್ತು. ಶಾಹೂ ಮಹಾರಾಜರ ನೂರನೆಯ ಪುಣ್ಯತಿಥಿಯ ಸಮಯ. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರಕಾರ ಉಳಿದ ಊರುಗಳೂ ಹಾಗೆ ಮಾಡಲೆಂದು ಸುತ್ತೋಲೆ ಕಳಿಸಿತು. ಭಾಷಣ ಮಾಡದ ಜನ ಕೈ ಎತ್ತಿ ಮುಗಿಸಿಬಿಟ್ಟಿದ್ದರು. ಕಾಕಾನಿಗೆ ಓದಿ ಹೇಳೋಣವೆಂದರೆ ಅವನು ಹೋಗಿ ಹನ್ನೊಂದು ವರುಷವಾಗಿತ್ತು.

ಕಳೆದ ವರುಷ ದೀಪಾವಳಿಯಾದ ಮೇಲೆ ನಮ್ಮ ಎದುರು ಮನೆಯ ಆಯಿ ತೀರಿಕೊಂಡಳು. ಮರಾಠಿ ಮನೆ, ಆಯಿ ವಿಧವೆಯಾಗಿ ಮೂವತ್ತು ವರುಷ. ನಾನು ಇವತ್ತಿನ ಹೂವಿನ ಮಾಲೆ ಹಿಡಿದು ಹೋದೆ, ಪದಕವಿಲ್ಲದ್ದು. ಅಂಗಳದಲ್ಲಿ ಅಷ್ಟೊತ್ತಿಗೇ ಥರ್ಮೋಕೋಲಿನ ಎರಡು ಚಕ್ರ ಬಂದು ಗೋಡೆಗೆ ಒರಗಿದ್ದವು. ಪುಣೆಯಿಂದ ರಾತ್ರಿ ಬಸ್ಸಿಗೆ ಬಂದ ಮೊಮ್ಮಗಳು ಅಜ್ಜಿಯ ತಲೆಯ ಹತ್ತಿರ ಕೂತಿದ್ದಳು. ಎತ್ತುವ ಹೊತ್ತಾದಾಗ ಅವಳು ತನ್ನ ಮುಡಿಯಲ್ಲಿದ್ದ, ಬಸ್ಸಿನಲ್ಲಿ ಬಾಡಿದ ಮಲ್ಲಿಗೆಯನ್ನು ತೆಗೆದು, ಯಾರ ಮುಖವನ್ನೂ ನೋಡದೆ ಅಜ್ಜಿಯ ಕೂದಲಿಗೆ ಸಿಕ್ಕಿಸಿಬಿಟ್ಟಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಈ ಸಲ ಅನ್ನುವುದು ಏನೂ ಇರಲಿಲ್ಲ.

ವಿಮರ್ಶಕನಾಗಿ ಹೇಳಬೇಕೆಂದರೆ ಕೆಲಸ ಸರಿಯಾಗಿರಲಿಲ್ಲ. ಮಾಲೆ ಸಡಿಲು, ಪಿನ್ನು ಒಂದೇ, ಅದೂ ಅಡ್ಡ. ಶವವಾಹನದಲ್ಲಿ ಮುಕ್ತಿಧಾಮದ ಕಡೆ ಹೊರಟಾಗ ಮೊದಲ ಹಂಪಿಗೇ ಹೂವು ಜಾರಿ ಕಿವಿಯ ಮೇಲೆ ಬಂತು, ಎರಡನೆಯದಕ್ಕೆ ಭುಜದ ಮೇಲೆ ಬಿತ್ತು. ಮಗ್ಗುಲಿಗೆ ಕೂತವನು ನಾನೇ. ಗಾಡಿ ನಿಂತ ಮೇಲೆ ಗಂಡಸರು ಇಳಿಯತೊಡಗಿದರು. ನಾನು ಕುಳಿತೇ ಇದ್ದು ಎರಡು ಮೊಗ್ಗು ಕೂಡುವಲ್ಲಿ ನಾರನ್ನು ಒಂದು ಸುತ್ತು ಸುತ್ತಿ ಬಿಗಿ ಮಾಡಿದೆ, ಅತ್ತಿ ಮಾಡುತ್ತಿದ್ದ ಹಾಗೆ. ಪಿನ್ನು ನೇರ ಮಾಡಿ ಕಿವಿಯ ಹಿಂದೆ ಚುಚ್ಚಿದೆ. ಕೆಳಗಿನಿಂದ ಯಾರೋ "ಮಾಸ್ತರ, ಸರೀರಿ, ಎತ್ತಬೇಕು" ಎಂದರು. ಸರಿದೆ.